ಎಬ್ಬಿಸಿದ ಮನೆ

ಶ್ರೀರಂಗಪಟ್ಟಣಕ್ಕೆ ರೈಲಿನಲ್ಲೇ ಹೋಗಬೇಕೆಂದು ಅಮ್ಮ ಹಟ ಹಿಡಿದಳು. ಹೊಸ ಹೆದ್ದಾರಿಯಲ್ಲಿ ಕಾರು ಬೇಗ ಮುಟ್ಟಿಸುತ್ತದೆ ಎಂದೆ. "ಮದ್ದೂರು ವಡೆ ಕಾರಿನ ಕಿಟಕಿಗೆ ಬರತ್ತೇನೋ?" ಎಂದು ಬಾಯಿ ಮುಚ್ಚಿಸಿದಳು. ಬೆಂಗಳೂರಿನಲ್ಲಿ ಹತ್ತುತ್ತಲೇ ಕಿಟಕಿಯ ಸೀಟು ಹಿಡಿದು, ಪುಳಿಯೋಗರೆ ಡಬ್ಬಿ ಮಡಿಲಲ್ಲಿಟ್ಟುಕೊಂಡಳು. ಮಗಳು ಗೋಗರೆದರೂ ಜಾಗ ಬಿಡಲಿಲ್ಲ.

ಹೋದ ವರ್ಷ ಅವಳ ಚಾಮರಾಜಪೇಟೆಯ ಮನೆ ಖಾಲಿ ಮಾಡಿಸಿ ನಮ್ಮ ಐದನೇ ಮಹಡಿಗೆ ಕರೆತಂದಿದ್ದೆ. ಬೀರು ಬಂತು, ದೇವರ ಮಂಟಪ ಬಂತು. ಒರಳುಕಲ್ಲು ಮಾತ್ರ ಹಿತ್ತಲಲ್ಲೇ ಉಳಿಯಿತು. ಅದಾದ ಮೇಲೆ ಅವಳನ್ನು ಕೂತ ಜಾಗದಿಂದ ಕದಲಿಸುವುದೆಂದರೆ ನನಗೂ ಅಳುಕು.

ಪಾಂಡವಪುರ ದಾಟಿ, ಕಾವೇರಿಯ ಮೇಲೆ ಗಾಡಿ ಸದ್ದು ಬದಲಿಸಿತು. ಅಪ್ಪ ಇದ್ದಾಗ ಇಲ್ಲಿ ನಮ್ಮ ಕೈಗೆ ಹತ್ತು ಪೈಸೆ ಕೊಟ್ಟು ಹೊಳೆಗೆ ಎಸೆಸುತ್ತಿದ್ದರು. ಇಳಿದಾಗ ಮಗಳಿಗೆ ಬೆರಗು: "ಕೋಟೆ ಒಳಗೇ ರೈಲಾ?" ಹೌದು. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಕೋಟೆಗೆ ಕಾಯುವುದೇನೂ ಉಳಿದಿರಲಿಲ್ಲ. ಮುಂದೆ ಹಳಿ ಹಾಕಿದವರು ಸುತ್ತಿ ಹೋಗದೆ ನಡುವೆಯೇ ನುಗ್ಗಿದರು.

ಆ ಹಳಿ ಜೋಡಿಯಾಗಬೇಕಾದಾಗ ಟಿಪ್ಪು ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಸಿಡಿಮದ್ದು ಕೂಡಿಡಲು ಇಟ್ಟಿಗೆ, ಗಾರೆಯಲ್ಲಿ ದಪ್ಪ ಗೋಡೆ ಎಬ್ಬಿಸಿ ಕಟ್ಟಿದ್ದು. ಒಡೆಯುವ ಹಾಗಿಲ್ಲ, ರೈಲು ಬಗ್ಗುವ ಹಾಗಿಲ್ಲ. 2017ರಲ್ಲಿ ಅದರ ಅಡಿಗೆ ತೊಲೆ ಕೊಟ್ಟು, ಜಾಕ್‌ಗಳಿಂದ ಇಡಿಯಾಗಿ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿದರು. ತೂಕ ಸುಮಾರು 1,000 ಟನ್. ಮನೆ ಬದಲಿಸುವಾಗ ಗಾಜಿನ ಲೋಟವೂ ಸರಿಯಾಗಿ ಮುಟ್ಟದ ನಮ್ಮ ಅನುಭವದಲ್ಲಿ ಇದನ್ನು ನಂಬುವುದೇ ಕಷ್ಟ.

ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಕೇಳಿದಳು: "ಪಾಪ, ಇದನ್ನೂ ಎಬ್ಬಿಸಿದ್ರಾ?"

ನಾನು ಇಂಜಿನಿಯರುಗಳ ಜಾಣ್ಮೆ ವಿವರಿಸತೊಡಗಿದೆ. ಅವಳು ನಡುವೆಯೇ, "ಪೂರ್ತಿ ತಂದಿದಾರಲ್ಲ, ಅಷ್ಟು ಸಾಕು" ಅಂದಳು. ಒರಳುಕಲ್ಲಿನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು.

ದರಿಯಾ ದೌಲತ್‌ನ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಮಗಳು ಅದರಲ್ಲಿ ಆನೆ ಎಣಿಸಿದಳು, ನನ್ನ ಹೆಂಡತಿ ನೆರಳು ಹುಡುಕಿದಳು. ಸಂಗಮದಲ್ಲಿ ತೆಪ್ಪ ಹತ್ತುವ ಹಟವೂ ಆಯಿತು. ಅಮ್ಮನಿಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ರಂಗನಾಥನ ಮುಂದೆ ಮಾತ್ರ ಕೈಮುಗಿದವಳು ಆದಿಶೇಷನ ಮೇಲೆ ಹಾಯಾಗಿ ಮಲಗಿದ ಆ ಮೂರ್ತಿಯನ್ನು ನೋಡಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಇವನೊಬ್ಬ ಪುಣ್ಯವಂತ ನೋಡು. ಯಾರೂ ಎಬ್ಬಿಸಲ್ಲ." ದಿನಾ ಬೆಳಗ್ಗೆ ಸುಪ್ರಭಾತ ಹಾಕುವವಳ ಮಾತು ಇದು!

ಸಂಜೆಯ ಗಾಡಿಯಲ್ಲಿ ಅಮ್ಮ ಮತ್ತೆ ಕಿಟಕಿಯ ಸೀಟು ಹಿಡಿದಳು. ಸೇತುವೆ ಬಂದಾಗ ಮೊಮ್ಮಗಳ ಕೈಗೆ ಐದು ರೂಪಾಯಿ ಕೊಟ್ಟು ತನ್ನ ಮೇಲಿಂದಲೇ ಬಗ್ಗಿ ಎಸೆಯಲು ಹೇಳಿದಳು. ಮಂಡ್ಯ ಬರುವಷ್ಟರಲ್ಲಿ ಸರಳಿಗೆ ಒರಗಿ ನಿದ್ದೆ ಹೋಗಿದ್ದಳು. ಮಗಳು ನನ್ನ ಮುಖ ನೋಡಿದಳು. ನಾನು ಎಬ್ಬಿಸಲಿಲ್ಲ.