ಯಾರನ್ನ ನೋಡ್ಬೇಕಿತ್ತು?

ನಗರ್ತಪೇಟೆಯಲ್ಲಿ ಸಿಗದ ಸಾಮಾನಿಲ್ಲ ಅಂತ ನಮ್ಮ ಕಡೆಯವರು ಸ್ವಲ್ಪ ಜಂಬದಿಂದಲೇ ಹೇಳುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಸೀರೆಯ ಫಾಲ್ಸು, ಕುಚ್ಚು, ಗುಂಡಿ, ದಾರದ ರೀಲು, ಹಿತ್ತಾಳೆ ದೀಪ, ಪ್ಲಾಸ್ಟಿಕ್ ಕೊಡ, ಮದುವೆ ಮನೆಗೆ ಬೇಕಾದ್ದು, ಸಾವಿನ ಮನೆಗೆ ಬೇಕಾದ್ದು ಎಲ್ಲವೂ ಒಂದು ಸುತ್ತು ನಡೆದು ಬರುವಷ್ಟರಲ್ಲಿ ಸಿಕ್ಕಿಬಿಡುತ್ತವೆ. ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಗಳೂ ಇವೆ. ಕಾಳಿಕಾಂಬಾ ಗುಡಿಯಿದೆ, ಪಕ್ಕದ ತಿಗಳರಪೇಟೆಯಲ್ಲಿ ಧರ್ಮರಾಯಸ್ವಾಮಿ ಗುಡಿಯಿದೆ. ಆದರೆ ‘ಆರ್ಟ್ ಗ್ಯಾಲರಿ’ ಎನ್ನುವ ಬೋರ್ಡನ್ನು ನಾನು ಬೆಳೆದ ಗಲ್ಲಿಗಳಲ್ಲಿ ಕಂಡವಳಲ್ಲ. ಪೇಟೆಯವರಿಗೆ ಅದರ ಕೊರತೆ ಕಾಡಿದ್ದೂ ಇಲ್ಲ. ಗ್ಯಾಲರಿಗಳೆಲ್ಲ ಊರಿನ ಇನ್ನೊಂದು ಮಗ್ಗುಲಲ್ಲಿ ಇರುವಂಥವು. ಮರಗಳಿರುವ ರಸ್ತೆ, ಕಾಂಪೌಂಡು, ಕಾರು ನಿಲ್ಲಿಸಲು ಜಾಗ ಇರುವ ಕಡೆ.

ಕೆಲವು ವರ್ಷಗಳ ಹಿಂದೆ ಗೆಳತಿಯೊಬ್ಬಳ ಚಿತ್ರಗಳ ಪ್ರದರ್ಶನಕ್ಕೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಭಾನುವಾರ, ಅಂಗಡಿಗೆ ರಜ. ಇಸ್ತ್ರಿ ಮಾಡಿದ ಬಿಳಿ ಷರಟು, ಕೈಯಲ್ಲಿ ಯಾವತ್ತಿನ ಬಟ್ಟೆ ಚೀಲ. ನಾನು ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಅಪ್ಪ ಗೇಟಿನ ಹತ್ತಿರ ಹೋಗಿದ್ದರು. ಸೆಕ್ಯುರಿಟಿಯವನು ತೀರಾ ಮರ್ಯಾದೆಯಿಂದಲೇ ಕೇಳಿದ, “ಯಾರನ್ನ ನೋಡ್ಬೇಕಿತ್ತು ಸಾರ್?” ಅಪ್ಪ, “ಯಾರನ್ನೂ ಇಲ್ಲಪ್ಪ. ನೋಡಕ್ಕೆ ಬಂದೆ ಅಷ್ಟೇ” ಅಂದರು. ಅವನಿಗೆ ಅರ್ಥವಾಗಲಿಲ್ಲ. ಅದೇ ಹೊತ್ತಿಗೆ ಒಳಗೆ ಹೋದ ಇಬ್ಬರು ಹುಡುಗರನ್ನು ಅವನು ಏನೂ ಕೇಳಲಿಲ್ಲ. ಒಳಗಡೆ ಗೋಡೆಯ ಮೇಲಿದ್ದ ಬರಹವೆಲ್ಲ ಇಂಗ್ಲಿಷಿನಲ್ಲಿ. ಯಾವ ಚಿತ್ರದ ಪಕ್ಕದಲ್ಲೂ ಬೆಲೆಯಿಲ್ಲ. ಯಾರೂ ಮಾತಾಡಿಸಲಿಲ್ಲ. ಪೇಟೆಯಲ್ಲಿ ಅಂಗಡಿ ಮುಂದೆ ಒಂದು ಕ್ಷಣ ನಿಂತರೂ “ಬನ್ನಿ ಸಾರ್, ನೋಡಿ ಸಾರ್, ನೋಡಕ್ಕೇನು ದುಡ್ಡಾ” ಎನ್ನುವ ಕೂಗು ಬೀಳುತ್ತದೆ. ಐವತ್ತು ವರ್ಷ ಆ ಕೂಗಿನ ನಡುವೆ ಬದುಕಿದ ಮನುಷ್ಯನಿಗೆ ಈ ಮೌನ ಒಂದು ಥರ ಬೈಗುಳದ ಹಾಗೆ ಕೇಳಿಸಿರಬೇಕು. ಹತ್ತು ನಿಮಿಷದಲ್ಲಿ ಹೊರಗೆ ಬಂದು, “ಚೆನ್ನಾಗಿತ್ತಮ್ಮ. ಕಾಫಿ ಎಲ್ಲಿ ಸಿಗುತ್ತೆ?” ಅಂದರು.

ಇದರಲ್ಲಿ ನನಗೆ ಹೊಟ್ಟೆ ಉರಿಸುವ ಸಂಗತಿ ಬೇರೆಯೇ ಇದೆ. ಬೆಂಗಳೂರಿನ ಸಮಕಾಲೀನ ಕಲೆ ಪೇಟೆಗೆ ಬಾರದಿರಬಹುದು, ಆದರೆ ಅದರ ಸಾಮಾನೆಲ್ಲ ಪೇಟೆಯಲ್ಲಿ ಸಿಗುವಂಥದ್ದೇ. ಶೀಲಾ ಗೌಡ ಅವರನ್ನೇ ತೆಗೆದುಕೊಳ್ಳಿ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಅವರು 1990ರ ದಶಕದಲ್ಲಿ ಕ್ಯಾನ್ವಾಸಿನಿಂದ ಹೊರಳಿ ಹಿಡಿದದ್ದು ಸಗಣಿ, ಕುಂಕುಮ, ಸೂಜಿ, ದಾರಗಳನ್ನು. ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬ ಅವರ ಕೃತಿಯಲ್ಲಿ ಉದ್ದುದ್ದ ದಾರಗಳನ್ನು ಸೂಜಿಯ ಕಣ್ಣಿಂದ ಹಾಯಿಸಿ, ಮಡಚಿ, ಕುಂಕುಮ ಮತ್ತು ಅಂಟು ಹಚ್ಚಿ ಹಗ್ಗ ಮಾಡಲಾಗಿದೆ. ಕೋಣೆಯ ಗೋಡೆ, ನೆಲಗಳ ಮೇಲೆ ಅದು ಕೆಂಪಗೆ ಹರಿದಾಡುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. 2009ರ ವೆನಿಸ್ ಬಿಯೆನಾಲೆಯಲ್ಲಿ ಅವರು ತೋರಿಸಿದ ‘ಬಿಹೋಲ್ಡ್’ನಲ್ಲಿ ಕೂದಲಿನ ಹಗ್ಗಗಳು ಕಾರಿನ ಬಂಪರುಗಳನ್ನು ಎತ್ತಿ ಹಿಡಿದಿದ್ದವು. ದೃಷ್ಟಿಯಾಗದಿರಲೆಂದು ನಮ್ಮ ಡ್ರೈವರುಗಳು ಗಾಡಿಗೆ ಕಟ್ಟುವ ಕೂದಲಿನ ಹಗ್ಗ ಅದು.

ಅಪ್ಪನದು ಟೈಲರಿಂಗ್ ಸಾಮಾನಿನ ಅಂಗಡಿ. ದಾರ, ಸೂಜಿ, ಲೈನಿಂಗು, ಹುಕ್ಕು. ಒಮ್ಮೆ ಪುಸ್ತಕವೊಂದರಲ್ಲಿದ್ದ ಆ ಕೆಂಪು ಹಗ್ಗದ ಚಿತ್ರವನ್ನು ಗಲ್ಲಾದ ಮೇಲಿಟ್ಟು ತೋರಿಸಿದೆ. ಕನ್ನಡಕ ಹಣೆಯಿಂದ ಇಳಿಸಿ ತುಂಬ ಹೊತ್ತು ನೋಡಿದರು. ಇದರ ಅರ್ಥವೇನು ಅಂತ ಕೇಳುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು, “ದಾರ ಕಾಟನ್ನಾ, ಪಾಲಿಯೆಸ್ಟರಾ?” ಆಮೇಲೆ, “ಇಷ್ಟುದ್ದ ದಾರಾನ ಸಿಕ್ಕಾಗದೆ ಸೂಜಿ ಕಣ್ಣಲ್ಲಿ ಎಳೆಯೋದು ಹುಡುಗಾಟ ಅಲ್ಲ. ಕೈ ಕೊಯ್ದಿರುತ್ತೆ ಆಯಮ್ಮಂಗೆ” ಅಂದರು. ಪಕ್ಕದಲ್ಲಿ ಗೋಣಿ ಇಳಿಸುತ್ತಿದ್ದ ಹಮಾಲಿಯೊಬ್ಬರು ಬಗ್ಗಿ ನೋಡಿ, “ಹಗ್ಗ ಭಾರ ಇರ್ಬೇಕು ಸಾರ್” ಅಂತ ಸೇರಿಸಿದರು. ಆ ಕೃತಿಯ ಬಗ್ಗೆ ನಾನು ಇಂಗ್ಲಿಷಿನಲ್ಲಿ ಓದಿದ ಕೆಲವು ಪುಟಗಳು ಹೆಣ್ಣಿನ ದುಡಿಮೆ, ನೋವು, ದೇಹ ಎಂದೆಲ್ಲ ಹೇಳಿದ್ದವು. ಅಂಗಡಿಯಲ್ಲಿ ಇಬ್ಬರು ಗಂಡಸರು ಎರಡು ನಿಮಿಷದಲ್ಲಿ ಅದೇ ಜಾಗಕ್ಕೆ ತಮ್ಮ ದಾರಿಯಿಂದ ಬಂದು ತಲುಪಿದ್ದರು.

ಹಾಗಾಗಿ ‘ಜನಸಾಮಾನ್ಯರಿಗೆ ಸಮಕಾಲೀನ ಕಲೆ ಅರ್ಥವಾಗಲ್ಲ’ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ತೊಂದರೆ ಇರುವುದು ಹೊಸಿಲಲ್ಲಿ.

ಹೊಸಿಲನ್ನು ಸ್ವಲ್ಪ ತಗ್ಗಿಸಿದ ಜಾಗವೊಂದು ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇದೆ. ಹಲಸೂರು ಗೇಟು ದಾಟಿ, ಹಡ್ಸನ್ ಸರ್ಕಲ್ಲಿಂದ ಕಾಳಿಂಗರಾವ್ ರಸ್ತೆ ಹಿಡಿದರೆ ಶಾಂತಿನಗರ. ಅಲ್ಲಿ ಶಾಂತಿ ರಸ್ತೆಯ ಒಂದನೇ ನಂಬರಿನ ಮನೆ. ಬಾಗಿಲ ನಂಬರೇ ಹೆಸರಾಗಿರುವ ‘1ಶಾಂತಿರೋಡ್’. ಕಲಾವಿದ, ಕಲಾ ಇತಿಹಾಸಕಾರ ಸುರೇಶ್ ಜಯರಾಂ 2003ರಲ್ಲಿ ಶುರುಮಾಡಿದ್ದು. ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಮೀತಾ ಜೈನ್ ವಿನ್ಯಾಸ ಮಾಡಿದ ಆ ಕಟ್ಟಡ ಒಂದು ಬಾದಾಮಿ ಮರವನ್ನು ಉಳಿಸಿಕೊಂಡು ಅದರ ಸುತ್ತ ಎದ್ದಿದೆ. ಗ್ಯಾಲರಿ, ಬೇರೆ ಊರು ದೇಶಗಳ ಕಲಾವಿದರು ಬಂದು ಉಳಿಯುವ ಕೋಣೆ, ಸುರೇಶ್ ಅವರ ಮನೆ, ಎಲ್ಲಾ ಒಂದೇ ಸೂರಿನಡಿ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಅಡುಗೆಮನೆ. ಬೆಂಗಳೂರಿನ ಯಾವ ಕಲಾವಿದರನ್ನು ಕೇಳಿದರೂ ಅಲ್ಲಿನ ಪ್ರದರ್ಶನದ ನೆನಪಿಗಿಂತ ಮೊದಲು ಅಲ್ಲಿ ಕುಡಿದ ಕಾಫಿ, ಮಾಡಿದ ಜಗಳ ಬಾಯಿಗೆ ಬರುತ್ತವೆ. ಮನೆಯಾದ್ದರಿಂದ ಬಂದವರು ನೆಂಟರಾಗುತ್ತಾರೆ, ಪ್ರೇಕ್ಷಕರಾಗುವುದು ಆಮೇಲೆ.

ನಾನದನ್ನು ಮೆಚ್ಚುತ್ತೇನೆ. ಆದರೂ ಒಂದು ಮಾತು. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕಲಾವಿದರು, ವಿದ್ಯಾರ್ಥಿಗಳು, ಬರೆಯುವವರು, ನನ್ನಂಥವರು. ನಾವೂ ಒಂದು ಸಮುದಾಯವೇ, ಇಲ್ಲ ಅನ್ನಲಾರೆ. ಆದರೆ ಪಕ್ಕದ ಗ್ಯಾರೇಜಿನವರು, ಎದುರು ಮನೆ ಅಜ್ಜಿ ಬರಬೇಕಾದರೆ ಕಾಫಿಯೊಂದೇ ಸಾಲದು, ಅವರದೇ ಆದ ಒಂದು ಕೆಲಸ ಬೇಕು.

ದಿಲ್ಲಿಯ ‘ಖೋಜ್’ ಈ ಪ್ರಶ್ನೆಯನ್ನು ನಮಗಿಂತ ಹೆಚ್ಚು ತಲೆಗೆ ಹಚ್ಚಿಕೊಂಡಿತು. 1997ರಲ್ಲಿ ಶುರುವಾದ ಈ ಕಲಾವಿದರ ಸಂಸ್ಥೆ ಖಿರ್ಕಿ ಎಂಬ ಇಕ್ಕಟ್ಟಿನ ಬಡಾವಣೆಯಲ್ಲಿ ಮನೆ ಮಾಡಿತು. ವಲಸೆ ಬಂದವರು, ಆಫ್ರಿಕಾದವರು, ಆಫ್ಘಾನಿಸ್ತಾನದವರು ಇರುವ ಗಲ್ಲಿಗಳವು. ಅಲ್ಲಿ ಹುಟ್ಟಿದ ‘ಖಿರ್ಕಿ ಆವಾಜ್’ ಎಂಬ ಪತ್ರಿಕೆ ಹಿಂದಿ, ಇಂಗ್ಲಿಷ್ ಎರಡರಲ್ಲೂ ಆ ಬಡಾವಣೆಯ ಸುದ್ದಿಯನ್ನೇ ಹೊತ್ತು ಬಂತು. ಪತ್ರಿಕೆ ಓದಲು ಕಲೆ ಗೊತ್ತಿರಬೇಕಿಲ್ಲ, ತಮ್ಮ ಬೀದಿಯ ಸುದ್ದಿ ಬೇಕು ಅನ್ನಿಸಿದರೆ ಸಾಕು. ನಮ್ಮ ಊರಲ್ಲಿ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ 2014ರಲ್ಲಿ ‘ಪ್ರಾಜೆಕ್ಟ್ 560’ ಶುರುಮಾಡಿ, ಬಡಾವಣೆಗಳ ಜೊತೆ ಕೆಲಸ ಮಾಡುವ ಕಲಾವಿದರಿಗೆ ನೆರವು ಕೊಟ್ಟಿತು. 560 ಅಂದರೆ ಬೆಂಗಳೂರಿನ ಪಿನ್‌ಕೋಡಿನ ಮೊದಲ ಮೂರು ಅಂಕಿ. ನಮ್ಮ ಪೇಟೆಯದು 560002.

ಅಪ್ಪ ನಿರಾಳವಾಗಿ ಓಡಾಡುವ ಕಲೆಯ ಜಾಗ ಊರಲ್ಲಿ ಒಂದೇ, ಚಿತ್ರಸಂತೆ. ಜನವರಿಯ ಮೊದಲ ಭಾನುವಾರಗಳಲ್ಲಿ ಕುಮಾರಕೃಪಾ ರಸ್ತೆಗೆ ವಾಹನ ಬಂದ್. ಪರಿಷತ್ತಿನವರು ಎರಡು ದಶಕದಿಂದ ನಡೆಸಿಕೊಂಡು ಬಂದಿದ್ದಾರೆ. ‘ಮನೆಗೊಂದು ಕಲಾಕೃತಿ’ ಅವರ ಘೋಷವಾಕ್ಯ. ಅಲ್ಲಿನ ಬುದ್ಧನ ಮುಖಗಳು, ಓಡುವ ಕುದುರೆಗಳು, ನೂರೆಂಟು ಗಣಪತಿಗಳನ್ನು ಕಂಡು ನನ್ನ ಕಲಾವಿದ ಗೆಳೆಯರು ಮೂಗು ಮುರಿಯುತ್ತಾರೆ. ನಾನೂ ಕೆಲವೊಮ್ಮೆ ಮುರಿದಿದ್ದೇನೆ. ಆದರೆ ಅಲ್ಲಿ ಅಪ್ಪ ಚಿತ್ರದ ಮುಂದೆ ಕೂತ ಹುಡುಗನನ್ನು “ಎಷ್ಟು ದಿನ ಹಿಡೀತು? ಬಣ್ಣ ಎಲ್ಲಿ ತಗೊಂಡ್ರಿ? ಕೊನೆ ರೇಟು ಹೇಳಿ” ಅಂತ ವಿಚಾರಿಸುತ್ತಾರೆ. ಬಿಜಾಪುರದ ಕಡೆಯಿಂದ ಬಂದ ಒಬ್ಬ ಹುಡುಗನ ಹತ್ತಿರ ಚೌಕಾಸಿ ಮಾಡಿ, ಕೊನೆಗೆ ಅವನು ಕೇಳಿದ್ದಷ್ಟನ್ನೇ ಕೊಟ್ಟು, ಒಂದು ಪುಟ್ಟ ಜಲವರ್ಣ ತಂದರು. ಒಣಭೂಮಿ, ಒಂದು ಬೇವಿನ ಮರ. ಅಂಗಡಿಯಲ್ಲಿ ಲಕ್ಷ್ಮಿ ಪಟದ ಪಕ್ಕ ಇದೆ. ಚೌಕಾಸಿಯೆಂದರೆ ಪೇಟೆಯಲ್ಲಿ ಪರಿಚಯ ಮಾಡಿಕೊಳ್ಳುವ ಒಂದು ಬಗೆ. ಬೆಲೆ ಬರೆಯದ ಬಿಳಿ ಗೋಡೆ ಅದಕ್ಕೆ ಎಡೆ ಕೊಡುವುದಿಲ್ಲ.

ಇನ್ನೊಂದು ಕಡೆ ಜನ ಬಂದದ್ದು ಜಗಳಕ್ಕಾಗಿ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ಸರ್ಕಾರದ್ದು. ಕಲ್ಕತ್ತಾದಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದು, ಊಟಿಯ ಬೆಳಕನ್ನು ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪನವರ ಕೃತಿಗಳು ಅಲ್ಲಿವೆ. ಹೊಸ ಕಲಾವಿದರಿಗೆ ಕಡಿಮೆ ಬಾಡಿಗೆಗೆ ಸಿಗುವ ಹಾಲ್‌ಗಳೂ ಇವೆ. ಪ್ರವಾಸೋದ್ಯಮ ಇಲಾಖೆಯ ದತ್ತು ಯೋಜನೆಯಲ್ಲಿ ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಒಪ್ಪಂದವಾಗಿದೆ ಎಂಬುದು ಹೊರಬಿದ್ದಾಗ, 2016ರಲ್ಲಿ ಕಲಾವಿದರು ವೇದಿಕೆ ಕಟ್ಟಿಕೊಂಡು ಬೀದಿಗಿಳಿದರು. ಗೋಡೆಗೆ ಸುಣ್ಣ ಬಳಿದು ಎಷ್ಟು ಕಾಲವಾಯಿತೆಂದು ಯಾರೂ ಕೇಳದಿದ್ದ ಆ ಹಳೆಯ ಕಟ್ಟಡದ ಮುಂದೆ, ಇದು ನಮ್ಮದು ಅನ್ನಲು ಅಷ್ಟು ಜನ ಸೇರಿದ್ದರು. ಒಪ್ಪಂದ ಕೊನೆಗೆ ಮುಂದೆ ಹೋಗಲಿಲ್ಲ. ಅಚ್ಚುಕಟ್ಟಾದ ಹೊಸ ಗ್ಯಾಲರಿಗಿಂತ ಸೋರುವ ಸರ್ಕಾರಿ ಗ್ಯಾಲರಿಯೇ ಇರಲಿ ಅನ್ನುವುದು ಬುದ್ಧಿವಂತಿಕೆಯೋ ಹಟವೋ, ಇವತ್ತಿಗೂ ವಾದಿಸುವವರಿದ್ದಾರೆ. ನನಗೆ ಹಟವೇ ಹಿಡಿಸುತ್ತದೆ. ‘ನಮ್ಮದು’ ಅನ್ನಿಸದ ಜಾಗಕ್ಕಾಗಿ ಯಾರೂ ಬಿಸಿಲಲ್ಲಿ ನಿಲ್ಲುವುದಿಲ್ಲ.

ಇಷ್ಟೆಲ್ಲ ತಲೆಗೆ ಬಂದದ್ದು ಹೋದ ತಿಂಗಳು ಅಂಗಡಿಗೆ ಇಬ್ಬರು ವಿದ್ಯಾರ್ಥಿಗಳು ಬಂದ ಮೇಲೆ. ಮೇಲಿನ ನಮ್ಮ ಹಳೆಯ ಗೋಡೌನು ಅರ್ಧ ಖಾಲಿ ಬಿದ್ದಿದೆ. ಮದ್ರಾಸ್ ತಾರಸಿ, ಮರದ ಮೆಟ್ಟಿಲು. ಹತ್ತು ದಿನ ಅಲ್ಲಿ ಪೇಟೆಯ ಬಗ್ಗೆ ಒಂದು ಪ್ರದರ್ಶನ ಮಾಡಬಹುದೇ ಎಂದು ಕೇಳಿದರು. ಹುಡುಗಿ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದಳು. “ಇದೊಂದು ಕಮ್ಯುನಿಟಿ ಎಂಗೇಜ್‌ಮೆಂಟ್ ಅಂಕಲ್” ಅಂದಳು.

“ಎಂಗೇಜ್‌ಮೆಂಟಾ? ಯಾರದ್ದಮ್ಮ?” ಅಂದರು ಅಪ್ಪ.

ಎಲ್ಲರೂ ನಕ್ಕೆವು. ಅಪ್ಪನ ಎರಡನೇ ಪ್ರಶ್ನೆಗೆ ಮಾತ್ರ ಯಾರೂ ನಗಲಿಲ್ಲ. “ಯಾವ ಕಮ್ಯುನಿಟಿ?” ಪೇಟೆಯಲ್ಲಿ ಆ ಪದಕ್ಕೆ ಒಂದೇ ಅರ್ಥ, ಜಾತಿ. ಬೀದಿಗಳೇ ಹಾಗೆ ಹುಟ್ಟಿದವು. ನಗರ್ತರು, ತಿಗಳರು, ಗಾಣಿಗರು, ಕುಂಬಾರರು. ಈಗ ಮೂಟೆ ಹೊರುವವರು, ಅಂಗಡಿಯಲ್ಲಿ ದುಡಿಯುವವರು ಇನ್ನೆಲ್ಲಿಂದಲೋ ಬಂದವರು. ಅವರ ಹೆಸರಿನ ಪೇಟೆಯಿಲ್ಲ. ಹುಡುಗ ಉತ್ಸಾಹದಿಂದ ಕರಗದ ಮಾತೆತ್ತಿದ, ಅದೂ ಒಂಥರಾ ಪರ್ಫಾರ್ಮೆನ್ಸ್ ಆರ್ಟೇ ಅಲ್ಲವೇ ಅಂತ. ಈ ಮಾತು ಕೇಳಿದಾಗಲೆಲ್ಲ ನನಗೆ ಸ್ವಲ್ಪ ರೇಗುತ್ತದೆ. ಚೈತ್ರದ ಹುಣ್ಣಿಮೆಯ ರಾತ್ರಿ ಕರಗ ಗುಡಿ ಬಿಟ್ಟು ಹೊರಡುವಾಗ ಪ್ರೇಕ್ಷಕರು ಅಂತ ಯಾರೂ ಇರುವುದಿಲ್ಲ. ವ್ರತ ಹಿಡಿದ ವೀರಕುಮಾರರಿರುತ್ತಾರೆ, ಮಲ್ಲಿಗೆ ಎಸೆಯುವವರಿರುತ್ತಾರೆ, ಮಸ್ತಾನ್ ಸಾಹೇಬರ ದರ್ಗಾದಲ್ಲಿ ಕಾಯುವವರಿರುತ್ತಾರೆ. ಪ್ರತಿಯೊಬ್ಬರಿಗೂ ಏನೋ ಒಂದು ಕೆಲಸವಿರುತ್ತದೆ. ಆದರೆ ಹುಡುಗನ ಮೇಲೆ ರೇಗಲಿಲ್ಲ. ಅವನು ಕಡೇಪಕ್ಷ ಪೇಟೆಯವರೆಗೆ ನಡೆದು ಬಂದಿದ್ದ.

ನನಗಿದ್ದ ಹೆದರಿಕೆ ಬೇರೆ. ಇಂಥ ಪ್ರದರ್ಶನಗಳ ಬೆನ್ನಿಗೆ ಫೋಟೊ ತೆಗೆಯುವವರು, ಅವರ ಬೆನ್ನಿಗೆ ಕೆಫೆಯವರು, ಆಮೇಲೆ ಕಟ್ಟಡದ ಮಾಲೀಕರ ಹೊಸ ಲೆಕ್ಕಾಚಾರ. ನಾವು ಬಾಡಿಗೆದಾರರು. ಹೀಗಂದಾಗ ಅಪ್ಪ, “ಅಲ್ಲಮ್ಮಾ, ಬಾಡಿಗೆ ಹೆಂಗಿದ್ರೂ ಏರುತ್ತೆ. ಅದಕ್ಕೆ ಚಿತ್ರ ಬೇಕಾ?” ಅಂದರು. ನನಗೆ ಪೂರ್ತಿ ಸಮಾಧಾನವಾಗಲಿಲ್ಲ.

ಅವರು ಷರತ್ತುಗಳನ್ನು ಹಾಕಿದ್ದು ಮಾತ್ರ ಅಪ್ಪಟ ವ್ಯಾಪಾರಿಯ ಹಾಗೆ, ಹಳೆಯ ಬಿಲ್ಲಿನ ಹಿಂಭಾಗದಲ್ಲಿ ಬರೆದು. ಬಾಡಿಗೆ ಬೇಡ, ಕರೆಂಟಿನ ದುಡ್ಡು ಕೊಡಬೇಕು. ಬೆಳಿಗ್ಗೆ ಲೋಡು ಇಳಿಯುವ ಹೊತ್ತಿಗೆ ಮೆಟ್ಟಿಲಿಗೆ ಅಡ್ಡ ಬರಬಾರದು. ಬೋರ್ಡು ಕನ್ನಡದಲ್ಲಿರಬೇಕು, ಒಳಗಿನ ಬರಹವೂ. ಹೆಸರು, ಫೋನ್ ನಂಬರು ಬರೆಸಿಕೊಳ್ಳುವ ರಿಜಿಸ್ಟರ್ ಇಡಕೂಡದು. ಹಮಾಲಿಗಳು ಚಪ್ಪಲಿ ಹಾಕಿಕೊಂಡೇ ಬರುತ್ತಾರೆ, ಏನೂ ಅನ್ನಬಾರದು. ಕೊನೆಯದನ್ನು ಆ ಹುಡುಗಿ ಎರಡು ಸಲ ಓದಿದಳು: ಏನೇ ಇಟ್ಟರೂ ಅದರ ಪಕ್ಕ ಯಾರು ಮಾಡಿದ್ದು, ಯಾತರಲ್ಲಿ ಮಾಡಿದ್ದು, ಎಷ್ಟು ದಿನ ಹಿಡಿಯಿತು ಎಂದು ಬರೆದಿರಬೇಕು.

“ರೇಟು?” ಅಂತ ಕೇಳಿದಳು.

“ಅದು ನಿಮ್ಮಿಷ್ಟ. ಆದ್ರೆ ಯಾರಾದ್ರೂ ಕೇಳಿದ್ರೆ ಸುಮ್ನೆ ನಗಬೇಡಿ, ಹೇಳಿ.”

ಸೋಮವಾರ ಅಳತೆ ಟೇಪು ಹಿಡಿದು ಬರುತ್ತೇವೆ ಅಂದು ಹೋಗಿದ್ದಾರೆ. ಅಪ್ಪ ಮೇಲಿದ್ದ ಹಳೆಯ ದಾರದ ಪೆಟ್ಟಿಗೆಗಳನ್ನು ಗೋಡೆಯಿಂದ ಸರಿಸಿದ್ದಾರೆ. ಬಣ್ಣ ಮಾಸಿ ಮಾರಾಟವಾಗದೆ ಉಳಿದ ಕೆಂಪು ರೀಲುಗಳದೇ ಒಂದು ಪೆಟ್ಟಿಗೆ ಸಿಕ್ಕಿತಂತೆ. ಎಸೆಯಲಾ ಅಂತ ಕೇಳಿದ ಕೆಲಸದ ಹುಡುಗನಿಗೆ, “ಇರಲಿ ಬಿಡು, ಆ ಮಕ್ಕಳಿಗೆ ಬೇಕಾದ್ರೂ ಬೇಕಾಗಬಹುದು” ಅಂದರಂತೆ.