ಕಾವೇರಿ ಕುಟುಂಬ ಮತ್ತು ನಿನ್ನ ಪಿಎಚ್‌.ಡಿ.

ವಿದ್ಯಾರಣ್ಯಪುರ
ಭಾನುವಾರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಸಂಶೋಧನೆಯ ಪ್ರಸ್ತಾವ ಓದಿ ಮುಗಿಸಿದೆ. ನಿನ್ನ ಮಾವನಿಗೂ ಕೊಟ್ಟೆ. ಬಿಇಎಲ್‌ನಲ್ಲಿ ಆಯುಷ್ಯವೆಲ್ಲ ರೇಡಾರ್ ಕೈಪಿಡಿ ಓದಿದ ಮನುಷ್ಯ, ಎರಡನೇ ಪುಟಕ್ಕೇ ಕನ್ನಡಕ ತೆಗೆದಿಟ್ಟು, "ಇಷ್ಟೊಂದು ಚೌಕಟ್ಟು ಕಟ್ಟಿದ್ದಾಳಲ್ಲ, ಒಳಗೆ ಜನ ಯಾವಾಗ ಬರ್ತಾರೆ?" ಅಂದರು. ಬೇಜಾರು ಮಾಡ್ಕೋಬೇಡ. ಅವರು ಮೆಚ್ಚಿದ್ದನ್ನು ಹೀಗೆ ಬೈದೇ ಹೇಳುವುದು.

ನೀನು ಕೊನೆಗೆ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದೆಯಲ್ಲ, ಜಗಳ ಬಿಡಿಸುವುದನ್ನು ಓದಿ ಕಲಿತವರು ಜಗಳದೊಳಗೇ ಬದುಕುವವರ ಜೊತೆ ಕೂತು ಕೆಲಸ ಮಾಡಿದ್ದು ನಮ್ಮ ಕಡೆ ಎಲ್ಲಾದರೂ ಇದೆಯಾ ಅತ್ತೆ ಅಂತ. ನಿನ್ನ ಪ್ರಸ್ತಾವದಲ್ಲಿ ಉತ್ತರ ಐರ್ಲೆಂಡ್ ಇದೆ, ದಕ್ಷಿಣ ಆಫ್ರಿಕಾ ಇದೆ, ಜೋರ್ಡಾನ್ ನದಿ ಇದೆ. ನಿಮ್ಮಪ್ಪನ ಗದ್ದೆಗೆ ನೀರು ಹಾಯಿಸುವ ವಿಶ್ವೇಶ್ವರಯ್ಯ ನಾಲೆ ಮಾತ್ರ ಇಲ್ಲ. ಉದಾಹರಣೆ ಇರುವುದು ಅಲ್ಲೇ.

2002 ನಿನಗೆ ನೆನಪಿರುವುದಿಲ್ಲ. ಮಳೆ ಕೈಕೊಟ್ಟಿತ್ತು. ತಮಿಳುನಾಡಿಗೆ ಕಾವೇರಿ ನೀರು ಬಿಡಿ ಎಂದು ಸುಪ್ರೀಂ ಕೋರ್ಟು, ಬಿಡಬೇಡಿ ಎಂದು ಮಂಡ್ಯ. ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯಕ್ಕೆ ಪಾದಯಾತ್ರೆ ಹೊರಟಿದ್ದರು. ನೀರು ಬಿಡುವುದನ್ನು ವಿರೋಧಿಸಿ ರೈತನೊಬ್ಬ ಕಬಿನಿ ಜಲಾಶಯಕ್ಕೆ ಹಾರಿ ಜೀವ ಬಿಟ್ಟ. ನಿಮ್ಮಪ್ಪ ವಾರಗಟ್ಟಲೆ ಹೆದ್ದಾರಿಯಲ್ಲೇ ಕೂತಿದ್ದ. ಅದರ ಮರುವರ್ಷ, 2003ರಲ್ಲಿ, ಚೆನ್ನೈಯಲ್ಲಿರುವ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆ ಎರಡೂ ರಾಜ್ಯದ ರೈತರನ್ನು ಒಂದು ಕೋಣೆಯಲ್ಲಿ ಕೂರಿಸಿತು. ಕರೆದವರು ಅಲ್ಲಿನ ಪ್ರಾಧ್ಯಾಪಕ ಎಸ್. ಜನಕರಾಜನ್. ಮುಂದೆ ಅದೇ ಗುಂಪಿಗೆ 'ಕಾವೇರಿ ಕುಟುಂಬ' ಅನ್ನುವ ಹೆಸರು ಬಂತು.

ಆ ಮೇಷ್ಟ್ರು ದಿಢೀರನೆ ಕಾವೇರಿಗೆ ಕೈಹಾಕಿದವರಲ್ಲ. ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ವೆಲ್ಲೂರಿನ ಕಡೆ ಹರಿಯುವ ಪಾಲಾರ್ ಇದೆಯಲ್ಲ, ಅಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳಿಗೂ ಅವುಗಳಿಂದ ಬಾವಿ ಕೆಟ್ಟ ರೈತರಿಗೂ ಇದ್ದ ಜಗಳವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಆಮೇಲೆ ಇಬ್ಬರನ್ನೂ ಎದುರುಬದುರು ಕೂರಿಸಿದ್ದರು. ಅವರದೇ ಸಂಸ್ಥೆಯಲ್ಲಿದ್ದ ಎಸ್. ಗುಹನ್, ಐಎಎಸ್ ಮುಗಿಸಿ ಸಂಶೋಧನೆಗೆ ಬಂದವರು, 1993ರಲ್ಲೇ ಕಾವೇರಿಯ ಮೇಲೆ ಪುಸ್ತಕ ಬರೆದು ರಾಜಿಯ ದಾರಿಯನ್ನು ಹುಡುಕಿದ್ದರು. ಗಮನಿಸು, 1991ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನ ತಮಿಳರ ಮನೆಗಳಿಗೆ ಬೆಂಕಿ ಬಿದ್ದು ಇನ್ನೂ ಎರಡು ವರ್ಷವಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ಚೆನ್ನೈಯಲ್ಲಿ ಕೂತು ರಾಜಿಯ ಮಾತಾಡಲು ಪಾಂಡಿತ್ಯದ ಜೊತೆ ಸ್ವಲ್ಪ ಎದೆಯೂ ಬೇಕು.

ಆ ಕೋಣೆಯಲ್ಲಿ ಯಾರಿದ್ದರು ಅನ್ನುವುದೇ ನನಗೆ ದೊಡ್ಡದು. ತಮಿಳುನಾಡಿನ ಕಡೆಯಿಂದ ಮನ್ನಾರ್‌ಗುಡಿಯ ಎಸ್. ರಂಗನಾಥನ್. 1983ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ, 1990ರಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಗುವವರೆಗೂ ಬಿಡದೆ ಹಿಡಿದದ್ದು ಮುಖಜ ಭೂಮಿಯ ರೈತ ಸಂಘಟನೆಯೇ. ನಮ್ಮ ಕಡೆಯಿಂದ ಪಾಂಡವಪುರದ ಕೆ.ಎಸ್. ಪುಟ್ಟಣ್ಣಯ್ಯ. ನೀರು ಬಿಡಬೇಡಿ ಎಂದು ರಸ್ತೆಗಿಳಿದ ರೈತ ಸಂಘದ ನಾಯಕ. ಸಾಧು ಸ್ವಭಾವದ ನಾಲ್ಕು ಜನರನ್ನು ಹುಡುಕಿ ಕೂರಿಸಿ ಶಾಂತಿ ಸಭೆ ಮಾಡುವುದು ಸುಲಭ. ಇಲ್ಲಿ ಕೂತವರು ನಿಜವಾಗಿ ಜಗಳ ಆಡಿದವರು. ನಿನ್ನ ಪಟ್ಟಿಯಲ್ಲಿ 'ನಾಗರಿಕ ಸಮಾಜದ ಪ್ರತಿನಿಧಿಗಳು' ಎಂದಿದೆ. ಅವರನ್ನು ಆಮೇಲೆ ನೋಡು, ಮೊದಲು ಹೆದ್ದಾರಿ ತಡೆದವರ ಹತ್ತಿರ ಹೋಗು.

ಅವರು ಮಾಡಿದ ಇನ್ನೊಂದು ಕೆಲಸ ಪರಸ್ಪರರ ಊರಿಗೆ ಹೋಗಿ ಗದ್ದೆ ನೋಡಿದ್ದು. ಅಲ್ಲಿನವರು ಇಲ್ಲಿಗೆ ಬಂದರು, ಇಲ್ಲಿನವರು ಅಲ್ಲಿಗೆ ಹೋದರು. ಕೇಳಲು ಸಾಧಾರಣ ಅನ್ನಿಸುತ್ತದೆ. ಆದರೆ ಮಂಡ್ಯದಲ್ಲಿ ಬೆಳೆದ ನಾನು ಹೇಳುತ್ತೇನೆ, ನಮ್ಮ ಕಡೆ ತಂಜಾವೂರು ಎಂದರೆ ಮೂರು ಬೆಳೆ, ನೀರೋ ನೀರು. ಮೂವತ್ತು ವರ್ಷದಿಂದ ನಮ್ಮ ಎದುರು ಮನೆಯಲ್ಲಿರುವ ತಂಜಾವೂರಿನ ಮಾಮಿಗೆ ಮಂಡ್ಯ ಎಂದರೆ ಆಣೆಕಟ್ಟಿನ ಬಾಗಿಲು ಹಾಕಿಕೊಂಡು ಕಬ್ಬು ತಿನ್ನುವ ಜನ. ಒಣಗಿ ಬಾಯಿಬಿಟ್ಟ ಗದ್ದೆ ಎರಡೂ ಕಡೆ ಒಂದೇ ಥರ ಇರುತ್ತದೆ ಎಂದು ನಂಬಲು ಅದರೊಳಗೆ ನಿಲ್ಲಲೇಬೇಕು.

ಅದಕ್ಕೂ ಮೇಲಿನ ವಿಷಯ ಕಾಲದ್ದು. ಇದನ್ನು ಮಾತ್ರ ನೀನು ಸರಿಯಾಗಿ ಕೂತು ಬರೆಯಬೇಕು. ಮೆಟ್ಟೂರು ಆಣೆಕಟ್ಟನ್ನು ಪದ್ಧತಿಯಂತೆ ಜೂನ್ 12ಕ್ಕೆ ತೆರೆಯುತ್ತಾರೆ, ಕುರುವೈ ಬೆಳೆಗೆ. ಅದು ಕೊಯ್ಲಿಗೆ ಬರುವ ಮೊದಲೇ ಸಾಂಬಾ ನಾಟಿಯ ಸಿದ್ಧತೆ ಶುರು. ಅವರ ಮಳೆ ಹಿಂಗಾರು, ಅಕ್ಟೋಬರ್ ಅರ್ಧ ಕಳೆದ ಮೇಲೆ ಬರುತ್ತದೆ. ನಮ್ಮದು ಮುಂಗಾರು. ಅಂದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ನಮ್ಮ ಮಳೆ ತಪ್ಪಿದರೆ, ಅದೇ ವಾರಗಳಲ್ಲಿ ನಮ್ಮ ಭತ್ತಕ್ಕೂ ನೀರು ಬೇಕು, ಅವರ ನಾಟಿಗೂ ಬೇಕು. ಕೆಆರ್‌ಎಸ್ ಹಿಡಿಯುವುದು 49 ಟಿಎಂಸಿ, ಮೆಟ್ಟೂರು 93. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷ ಯಾರಿಗೂ ಯಾರ ನೆನಪೂ ಇರುವುದಿಲ್ಲ. ವರ್ಷದ ಒಟ್ಟು ಲೆಕ್ಕಕ್ಕಿಂತ ಆ ಆರೇಳು ವಾರಗಳದ್ದೇ ಜಗಳ ಹೆಚ್ಚು. ನ್ಯಾಯಮಂಡಳಿಯ 2007ರ ಐತೀರ್ಪು ತಮಿಳುನಾಡಿಗೆ 419, ನಮಗೆ 270 ಟಿಎಂಸಿ ಎಂದು ಹಂಚಿತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು 404.25 ಮತ್ತು 284.75 ಮಾಡಿತು. ಕೊರತೆಯ ವರ್ಷ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸಿ ಎಂದು ನ್ಯಾಯಮಂಡಳಿ ಹೇಳಿತ್ತು. ಯಾವ ವಾರ, ಎಷ್ಟು, ಯಾರ ಬೆಳೆ ಮೊದಲು ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಕಾವೇರಿ ಕುಟುಂಬ ಎಡವಿದ್ದೂ ಅಲ್ಲೇ. ಎರಡೂ ಕಡೆ ಹಲವು ಸಭೆ ನಡೆದವು, ಸ್ನೇಹವೂ ಆಯಿತು, ಸಂಕಷ್ಟದ ಹಂಚಿಕೆಗೆ ಇಬ್ಬರೂ ಒಪ್ಪುವ ಸೂತ್ರ ಮಾತ್ರ ಹೊರಬರಲಿಲ್ಲ. ಕೆಲವರು ಇದನ್ನು ಸೋಲು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಸಂಶೋಧನಾ ಸಂಸ್ಥೆ ನೀರು ಹಂಚಲಾರದು. ಗೇಟಿನ ಕೀಲಿ ಸರ್ಕಾರದ ಕೈಯಲ್ಲಿ. ಸರ್ಕಾರಗಳು ಈ ಸಭೆಯನ್ನು ತಮ್ಮದು ಎಂದು ಹತ್ತಿರ ಕರೆದುಕೊಳ್ಳಲಿಲ್ಲ. ಮೇಷ್ಟ್ರುಗಳು ಮಾಡಬಹುದಾದದ್ದು ಮನೆಯ ಬಾಗಿಲು ತೆರೆದು ಚಾಪೆ ಹಾಸುವುದು, ಇಬ್ಬರೂ ನಂಬುವ ಅಳತೆಯನ್ನು ಎದುರಿಗಿಡುವುದು. ಅಷ್ಟನ್ನು ಅವರು ಮಾಡಿದರು. ಅಳತೆಗೆ ಎಷ್ಟು ಬೆಲೆಯಿದೆ ನೋಡು: ತಂಜಾವೂರು ಸೀಮೆಯ ನೆಲದಡಿ ಎಷ್ಟು ನೀರಿದೆ ಎಂಬುದು ದಶಕಗಳ ಕಾಲ ಅಧ್ಯಯನದ ವರದಿಗಳಲ್ಲಿದ್ದ ವಿಷಯ. 2018ರಲ್ಲಿ ನ್ಯಾಯಾಲಯ ಅದರಲ್ಲಿ 10 ಟಿಎಂಸಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿತು, ನಮ್ಮ ಪಾಲು ಏರಿತು.

ನೀನು ಮೇಲಿಂದ ಮೇಲೆ ಎಂ.ಎನ್. ಶ್ರೀನಿವಾಸ್ ಹೆಸರು ಹೇಳುತ್ತೀಯ, ಸರಿಯೇ. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯಲ್ಲಿ ಉಳಿದು, ಅದನ್ನು 'ರಾಮಪುರ' ಎಂದು ಕರೆದು, ಪಟೇಲರ ಜಗಲಿಯ ಮೇಲೆ ಬರುತ್ತಿದ್ದ ನ್ಯಾಯಗಳನ್ನು ಅವರು ಕೇಳಿ ಬರೆದುಕೊಂಡರು. ಮಡಿವಾಳರ ಕುಲದ ಜಗಳವೊಂದರ ಮೇಲೆ ಅವರ ಲೇಖನವೇ ಇದೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳಿಗೆ ಬೆಂಕಿ ಬಿದ್ದಾಗ ನೆನಪಿನಿಂದಲೇ ಆ ಹಳ್ಳಿಯ ಪುಸ್ತಕ ಬರೆದರು. ಆದರೆ ಅವರು ನೋಡಿದರು, ಬರೆದರು, ನಡುವೆ ಬಾಯಿ ಹಾಕಲಿಲ್ಲ. ಅದು ಅವರ ಕಾಲದ ಶಿಸ್ತು. ನೀನು ಬಾಯಿ ಹಾಕಲು ಹೊರಟವಳು, ಆದ್ದರಿಂದ ಅವರಿಗಿಂತ ಜಾಸ್ತಿ ಕೇಳಿಸಿಕೊಳ್ಳಬೇಕು.

ಹಾಗೆಯೇ ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಗೆ ಒಂದು ಸೋಮವಾರ ಹೋಗಿ ಬಾ. ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಅಂದು ಸೇರುತ್ತದೆ. ಹೊಲದ ಬದು, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮುನಿಸು, ಎಲ್ಲ ಬರುತ್ತದೆ. ಪಾಣಿನಿಯ ವ್ಯಾಕರಣಕ್ಕೆ ಕಂಪ್ಯೂಟರ್ ತಂತ್ರಾಂಶ ಮಾಡಿದ ಸಂಸ್ಕೃತ ವಿದ್ವಾಂಸರು ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ. ಕಡತಗಳನ್ನೂ ಕಂಪ್ಯೂಟರಿನಲ್ಲೇ ಇಟ್ಟವರು. ಓದೂ ಪಂಚಾಯ್ತಿಯೂ ಒಬ್ಬರಲ್ಲೇ ಸೇರಿದ್ದು ಹೀಗೆ. ಅಲ್ಲಿ ತೀರ್ಮಾನ ನಿಲ್ಲುವುದಕ್ಕೆ ಮಠದ ಮೇಲಿನ ಭಕ್ತಿಯೇ ಜಾಮೀನು. ಕಾವೇರಿಗೆ ಮಂಡ್ಯವೂ ಮನ್ನಾರ್‌ಗುಡಿಯೂ ಒಟ್ಟಿಗೆ ಕೈಮುಗಿಯುವ ಪೀಠ ಇಲ್ಲವಲ್ಲ, ಆ ಜಾಗದಲ್ಲಿ ಏನನ್ನು ಇಡುತ್ತೀಯ ಅನ್ನುವುದು ನಿನ್ನ ನಿಜವಾದ ಪ್ರಶ್ನೆ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ನೆರೆಹೊರೆಯ ಶಾಂತಿಗೆ ಸಂಬಂಧಿಸಿದ ಜಗಳಗಳಿಗೆ ಸಮುದಾಯ ಮಧ್ಯಸ್ಥಿಕೆ ಎಂದು ಪ್ರತ್ಯೇಕ ಅಧ್ಯಾಯ ಇದೆ, ಮೂವರು ಮಧ್ಯಸ್ಥರು. ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯ ಬಲ ಇಲ್ಲ ಎಂದೂ ಅದರಲ್ಲೇ ಬರೆದಿದ್ದಾರೆ. ಅಂದರೆ ಕಾನೂನೂ ಕೊನೆಗೆ ಜನರ ಮಾತಿನ ಮೇಲೇ ಭಾರ ಹಾಕಿದೆ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ನಿನ್ನ ಪ್ರಸ್ತಾವದಲ್ಲಿ ಬೆಂಗಳೂರು ಗಲಭೆ ನಡೆದ ಜಾಗವಾಗಿ ಮಾತ್ರ ಬರುತ್ತದೆ. 2016ರ ಸೆಪ್ಟೆಂಬರ್ 12ರಂದು ಬಸ್ಸುಗಳು ಸುಟ್ಟವು, ಯಶವಂತಪುರವೂ ಸೇರಿದಂತೆ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ನಮ್ಮಲ್ಲಿ ಕರ್ಫ್ಯೂ ಇರಲಿಲ್ಲ. ಆದರೂ ಮಾಮಿಯ ಅಳಿಯ ತಮಿಳುನಾಡು ನಂಬರಿನ ಕಾರನ್ನು ನಮ್ಮ ಗೇಟಿನೊಳಗೆ ತಂದು ನಿಲ್ಲಿಸಿ, ಮೇಲೆ ಟಾರ್ಪಾಲು ಹೊದಿಸಿದ. ನಿನ್ನ ಮಾವ ಅದರ ಮೇಲೆ ಹಪ್ಪಳ ಒಣಹಾಕಿ ಎಂದು ನಗಿಸಲು ನೋಡಿದರು, ಮಾಮಿ ನಗಲಿಲ್ಲ. ಬಿಇಎಲ್, ಎಚ್‌ಎಂಟಿ ಕೆಲಸಕ್ಕೆಂದು ಬಂದು ಜಾಲಹಳ್ಳಿ, ವಿದ್ಯಾರಣ್ಯಪುರದಲ್ಲಿ ನೆಲೆನಿಂತ ತಮಿಳು ಮನೆಗಳು ಎಷ್ಟೋ ಇವೆ. ಅಂಥ ರಾತ್ರಿಗಳಲ್ಲಿ ಬೀದಿ ತಣ್ಣಗಿದ್ದುದಕ್ಕೆ ಯಾವ ಸಮಿತಿಯೂ ಕಾರಣವಲ್ಲ, ಅಕ್ಕಪಕ್ಕದವರ ಬಳಕೆ ಕಾರಣ. ಅದನ್ನು ಯಾರೂ ಅಧ್ಯಯನ ಮಾಡುವುದಿಲ್ಲ, ಸುಟ್ಟ ಬೀದಿಯನ್ನಷ್ಟೇ ಮಾಡುತ್ತಾರೆ.

ಗಲಭೆ ಬಿಡು, ಬೆಂಗಳೂರೇ ಈ ವ್ಯಾಜ್ಯದಲ್ಲಿ ಮೂರನೆಯ ಕಕ್ಷಿ. ನಮ್ಮ ಮನೆಯ ನಲ್ಲಿಗೆ ಬರುವ ಕಾವೇರಿ, ಸುಮಾರು ನೂರು ಕಿಲೋಮೀಟರು ಆಚೆಯ ತೊರೆಕಾಡನಹಳ್ಳಿಯಿಂದ ಪಂಪಾಗಿ ಗುಡ್ಡ ಹತ್ತಿ ಬರುತ್ತದೆ. 2018ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚಾದ 14.75 ಟಿಎಂಸಿಯಲ್ಲಿ 4.75 ನಮ್ಮ ಊರಿನ ಕುಡಿಯುವ ನೀರಿಗೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಗಿ, ದಿನಕ್ಕೆ 775 ದಶಲಕ್ಷ ಲೀಟರ್ ಇನ್ನೂ ಮೇಲೆ ಬರುವಂತಾಯಿತು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು. ಬಳಸಿ ಚೆಲ್ಲಿದ್ದು ಪೂರ್ತಿ ವಾಪಸ್ ಕಾವೇರಿಗೆ ಹೋಗುತ್ತದೆಯೇ ಅಂದರೆ ಅದೂ ಇಲ್ಲ. ನಮ್ಮ ಪಕ್ಕದ ಹೆಬ್ಬಾಳ ಕಣಿವೆಯ ನೀರು ದಕ್ಷಿಣ ಪಿನಾಕಿನಿಯ ಕಡೆಯದು. ಕಾವೇರಿ ಕುಟುಂಬ ರೈತರ ಕುಟುಂಬವಾಗಿತ್ತು, ಅದು ಸರಿಯೇ. ಇನ್ನು ಮುಂದಿನ ಸಭೆಯಲ್ಲಿ ನಲ್ಲಿಯವರೂ ಕೂರಬೇಕು. ಮಂಡ್ಯದವನಿಗೆ ಬೆಳೆ ಬದಲಿಸು ಎಂದು ಹೇಳುವ ನಾವು, ಕಾರು ತೊಳೆಯುವ ಪೈಪಿನ ಬಗ್ಗೆ ಅವನ ಎದುರು ಕೂತು ಉತ್ತರ ಕೊಡಬೇಕು.

ಬೆಳೆಯ ಮಾತು ಬಂತಲ್ಲ. ಇಲ್ಲೇ ನಮ್ಮ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ 'ಶಾರದಾ' ಎಂಬ ಏರೋಬಿಕ್ ಭತ್ತದ ತಳಿ ಬಿಡುಗಡೆ ಮಾಡಿತು, ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯುವಂಥದ್ದು. ನಿಮ್ಮಪ್ಪನನ್ನು ಕೇಳಿದರೆ, "ನೀರು ಉಳಿಸಿದರೆ ಅದು ಯಾರ ಪಾಲಿಗೆ ಹೋಗ್ತದೆ, ಅದನ್ನ ಮೊದಲು ಹೇಳಿ" ಅನ್ನುತ್ತಾನೆ. ತಳಿ ಮಾಡುವವರಿಗೂ ಸಂಧಾನ ಮಾಡುವವರಿಗೂ ನಡುವೆ ಮಾತು ಇಲ್ಲದಿರುವುದು ಅವನ ಆ ಒಂದು ಪ್ರಶ್ನೆಯಲ್ಲೇ ಕಾಣುತ್ತದೆ.

ನಿನ್ನ ಕಾಲಪಟ್ಟಿಯಲ್ಲಿ ಕ್ಷೇತ್ರಕಾರ್ಯಕ್ಕೆ 'ಸಂಘರ್ಷದ ಅವಧಿ' ಎಂದು ಗುರುತು ಹಾಕಿದ್ದೀಯ. ಅದನ್ನು ಹೊಡೆದುಹಾಕು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎಲ್ಲ ಆದಾಗ ಟಿವಿಯವರು, ತಜ್ಞರು, ನಾಯಕರು ಮಂಡ್ಯಕ್ಕೆ ಓಡಿದ್ದರು. ಮಳೆ ಬಿದ್ದ ಮೇಲೆ ಒಬ್ಬರೂ ಇಲ್ಲ. ಕೊರತೆಯ ವರ್ಷ ಯಾವ ರೈತ ಮುಖಂಡನೂ ಎದುರಾಳಿಯ ಜೊತೆ ಕೂತು ಅರ್ಧ ಹೆಜ್ಜೆ ಹಿಂದೆ ಇಡಲಾರ, ಊರಲ್ಲಿ ಮುಖ ಎತ್ತಿ ಓಡಾಡುವುದು ಕಷ್ಟವಾಗುತ್ತದೆ. ಸೂತ್ರ ಹುಟ್ಟಬೇಕಾದದ್ದು ಆಣೆಕಟ್ಟು ತುಂಬಿದ ವರ್ಷ. ಸರ್ಕಾರಕ್ಕೆ ಆಗ ಪುರಸೊತ್ತಿಲ್ಲ, ಪತ್ರಿಕೆಗೆ ಆಸಕ್ತಿಯಿಲ್ಲ. ವಿಶ್ವವಿದ್ಯಾಲಯಕ್ಕೆ ಮಾತ್ರ ಆಗಲೂ ಸಂಬಳ ಬರುತ್ತಿರುತ್ತದೆ. ಆದ್ದರಿಂದ ಇದು ನಿಮ್ಮ ಕೆಲಸ.

ಪುಟ್ಟಣ್ಣಯ್ಯನವರು 2018ರ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು ಬಂದ ಎರಡೇ ದಿನಕ್ಕೆ ತೀರಿಕೊಂಡರು. ಆ ಸಭೆಗಳಲ್ಲಿ ಕೂತವರಿಗೆ ಈಗ ವಯಸ್ಸಾಗಿದೆ. ಅವರ ಮಾತು ಯಾರಾದರೂ ಕನ್ನಡದಲ್ಲಿ, ತಮಿಳಿನಲ್ಲಿ ಬರೆದಿಡಬೇಕು. ನಿನ್ನ ಪ್ರಶ್ನಾವಳಿಯನ್ನು ಮೊದಲು ಕನ್ನಡದಲ್ಲೇ ಬರಿ, ತಮಿಳಿಗೆ ಮಾಮಿ ಕೂತು ನೋಡಿಕೊಡುತ್ತಾರಂತೆ, ಕೇಳಿದ್ದೇನೆ. ಮುಂಗಾರು ಚೆನ್ನಾಗಿ ಹಿಡಿದ ವರ್ಷವನ್ನೇ ನೋಡಿಕೊಂಡು ಪಾಂಡವಪುರದಿಂದ ಶುರು ಮಾಡು, ಅಲ್ಲಿಂದ ನೇರ ಮನ್ನಾರ್‌ಗುಡಿಗೆ ಹೋಗು. ದೆಹಲಿಯಲ್ಲಿ ಕೂತು ಇನ್ನೊಂದು ಅಧ್ಯಾಯ ಬರೆಯುವ ಮೊದಲು ಇಷ್ಟು ಮಾಡು ಮಗಳೇ.

ನಿನ್ನ
ಸೋದರತ್ತೆ