ಕುರ್ಚಿ ಹಿಡಿದರೆ ಸಾಲದು, ಬಕೆಟ್ ಹಿಡಿದವರಿಗೂ ದಾರಿ ಬೇಕು

ನಮ್ಮ ಗೆಳೆಯ ಹೆದ್ದಾರಿ ಪಕ್ಕದ ತನ್ನ ಜಾಗದಲ್ಲಿ ಗಾರ್ಡನ್ ಹೋಟೆಲ್ ಮಾಡಲು ಹೊರಟಾಗ ಅಳತೆಗೆ ನಮ್ಮನ್ನೇ ಕರೆದ. 60 ಅಡಿ ಉದ್ದ, 40 ಅಡಿ ಅಗಲ, ಒಂದು ಮೂಲೆಯಲ್ಲಿ ಮಾವಿನ ಮರ. ಫೋನಿನಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಬಿಯರ್ ಗಾರ್ಡನ್ ಫೋಟೊ ತೋರಿಸಿ, "ನೋಡ್ರೋ, ಮರದ ಕೆಳಗೆ ಹೆಂಗೆ ಒತ್ತಾಗಿ ಕೂತವ್ರೆ! ನಮ್ದೂ ಹಂಗೇ ಇರ್ಬೇಕು" ಅಂದ.

3 ಅಡಿಯ ಚೌಕ ಟೇಬಲ್, ಸುತ್ತ ನಾಲ್ಕು ಕುರ್ಚಿ. ಜನ ಕೂತರೆ 7 ಅಡಿ ಬೇಕು. ಒತ್ತೊತ್ತಾಗಿ ಇಟ್ಟರೆ ಕಾಗದದ ಮೇಲೆ 40 ಟೇಬಲ್, 160 ಜನ. ಸಾಲದ ಕಂತನ್ನೂ ಅವನು ಆ 160ರ ಲೆಕ್ಕದಲ್ಲೇ ನೋಡಿಕೊಂಡಿದ್ದ. ನಾವೂ ತಲೆಯಾಡಿಸಿದೆವು. ತಪ್ಪು ನಮ್ಮದೂ ಹೌದು.

ಹೋಟೆಲ್ ತೆರೆಯುವ ಮೊದಲು ಅವನ ಅಣ್ಣನ ಮಗುವಿನ ನಾಮಕರಣ ಅಲ್ಲೇ ಆಯಿತು. ಬಾಡಿಗೆ ಟೇಬಲ್ ತಂದು ಜಾಗ ತುಂಬಿಸಿದೆವು. ಸಾರು ಬಡಿಸುತ್ತಿದ್ದ ಹುಡುಗನ ಕಾಲಿಗೆ ಕುರ್ಚಿ ತೊಡರಿ, ಬಿಸಿ ಸಾರು ಒಬ್ಬರ ತೋಳಿನ ಮೇಲೆ ಚೆಲ್ಲಿತು. ಗಾಯ ದೊಡ್ಡದಾಗಲಿಲ್ಲ, ಪುಣ್ಯ. ಮಧ್ಯದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎಂಜಲು ಕೈ ಹಿಡಿದುಕೊಂಡೇ, "ಎದ್ದು ಹೋಗಾಕೆ ದಾರಿನೇ ಇಲ್ವಲ್ಲಪ್ಪ" ಅಂದರು.

ಸಂಜೆ ಆ ಫೋಟೊವನ್ನು ಮತ್ತೆ ನೋಡಿದೆವು. ಅಲ್ಲಿನ ಉದ್ದ ಟೇಬಲ್ 220 ಸೆಂಟಿಮೀಟರ್, ಎರಡು ಬೆಂಚು, 8 ಜನ. ಹೆಚ್ಚಿನ ಕಡೆ ಜನರೇ ಕೌಂಟರಿಗೆ ಹೋಗಿ ತರುತ್ತಾರೆ, ಮನೆಯಿಂದ ಬುತ್ತಿಯನ್ನೂ ತರಬಹುದು. 1812ರಲ್ಲಿ ಬವೇರಿಯಾದ ರಾಜ ಬಿಯರ್ ತಯಾರಿಸುವವರಿಗೆ ತಮ್ಮ ನೆಲಮಾಳಿಗೆಯ ಬಳಿಯೇ ಬಿಯರ್ ಮಾರಲು ಒಪ್ಪಿದ, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಮಾರುವಂತಿರಲಿಲ್ಲ. ಬುತ್ತಿಯ ರೂಢಿ ಬೆಳೆದದ್ದು ಹಾಗೆ. ನಮ್ಮಲ್ಲಿ ಹಾಗಲ್ಲ. ಬಕೆಟ್ ಹಿಡಿದವರು ಪ್ರತಿ ಎಲೆಯ ಹತ್ತಿರಕ್ಕೂ ಹೋಗಬೇಕು, ಅದೂ ಮೂರು ನಾಲ್ಕು ಸಲ.

ಮರುದಿನ ಸುಣ್ಣದ ಪುಡಿ ಹಾಕಿ ಗೆರೆ ಎಳೆದೆವು. ಟೇಬಲಿಗೆ 7 ಅಡಿ, ಓಡಾಡಲು 3 ಅಡಿ. ಈ ಲೆಕ್ಕದಲ್ಲಿ 24 ಟೇಬಲ್. ಮರಕ್ಕೆ 2, ಬಾಗಿಲಿಗೆ 2, ಕೈತೊಳೆಯುವ ಜಾಗಕ್ಕೆ 2 ಬಿಟ್ಟೆವು. ಉಳಿದದ್ದು 18 ಟೇಬಲ್, 72 ಜನ.

"ಅರ್ಧಕ್ಕಿಂತ ಕಮ್ಮಿ ಆಯ್ತಲ್ರೋ" ಎಂದು ಅವನು ಕಟ್ಟೆ ಮೇಲೆ ಕೂತುಬಿಟ್ಟ. ರಾತ್ರಿಯೆಲ್ಲ ಕಂತಿನ ಲೆಕ್ಕ ಮತ್ತೆ ಹಾಕಿದ. ಅರ್ಧಕ್ಕರ್ಧ ಕುರ್ಚಿ ಬೇಡವೆಂದು ಅಂಗಡಿಗೆ ಹೇಳಿ, ಆ ದುಡ್ಡಲ್ಲಿ ಇನ್ನೊಂದು ಒಲೆ, ಇನ್ನೊಂದು ಶೌಚಾಲಯ ಮಾಡಿಸಿದ.

ನಿಮ್ಮೂರಲ್ಲಿ ಮದುವೆಗೋ ಜಾತ್ರೆಗೋ ಟೇಬಲ್ ಹಾಕುವಾಗ ಒಂದು ಕೆಲಸ ಮಾಡಿ. ಕುರ್ಚಿಗಳಲ್ಲಿ ಜನರನ್ನು ಕೂರಿಸಿ, ನೀರು ತುಂಬಿದ ಬಕೆಟ್ ಹಿಡಿದು ನಡುವೆ ಒಮ್ಮೆ ಓಡಾಡಿ. ಚೆಲ್ಲಿದರೆ ಒಂದು ಸಾಲು ತೆಗೆಯಿರಿ.